ಹಿಂಡಿ ಕಲಸುವ ಕೈ

ದನದ ಹಿಂಡಿ ಕಲಸುವ ಕಸುಬಲ್ಲಿ ಗಲಾಟೆ ಇಲ್ಲದ ದಿನ ಅಂತ ಒಂದೂ ಇಲ್ಲ ಮಾರಾಯ್ರೆ. ಕೋಟೇಶ್ವರದಲ್ಲಿ ನಮ್ಮ ಮನೆ ಪಕ್ಕವೇ ನನ್ನ ಶೆಡ್ಡು. ಜೋಳದ ನುಚ್ಚು, ತೌಡು, ಬೂಸಾ, ಕಡ್ಲೆ ಹಿಂಡಿ, ಬೆಲ್ಲ, ಚೂರು ಉಪ್ಪು, ಎಲ್ಲ ಸಿಮೆಂಟ್ ನೆಲಕ್ಕೆ ರಾಶಿ ಹಾಕಿ ಸಲಿಕೆಯಲ್ಲಿ ಮಗುಚಿ ಮಗುಚಿ ಕಲಸ್ತೆ. ಕಡೆಗೆ ಒಂದು ಚಿಟಿಕೆ ನಾನೇ ಬಾಯಿಗೆ ಹಾಕಿ ರುಚಿ ಕಾಂತೆ.

ಊರವರು ನನ್ನ ಸುಳ್ಳ ಅಂತಾರೆ. ಹೌದು, ಸುಳ್ಳು ಹೇಳ್ತೆ. ಆದ್ರೆ ಹಿಂಡಿಗೆ ಉಪ್ಪು ಹಾಕುವಷ್ಟೇ. ಉಪ್ಪಿಲ್ಲದಿದ್ರೆ ದನವೂ ಮೂಸುದಿಲ್ಲ, ನೀವೂ ಕೇಳುದಿಲ್ಲ.

ಕೋಣನ ಹಿಂದೆ ಬಸ್ಸು

ಮರವಂತೆ ಕಡೆಯ ಒಬ್ಬ ಯಜಮಾನ ತನ್ನ ಓಟದ ಕೋಣಕ್ಕೆ ಹಿಂಡಿ ಬೇಕು ಅಂತ ಬಂದ. ಓಟದ ಕೋಣಕ್ಕೆ ಹುರುಳಿ ಬೇಕೇ ಬೇಕಲ್ಲ, ಬೇಯಿಸಿ ಒಣಗಿಸಿ ನಾನೇ ಸೇರಿಸಿ ಕೊಟ್ಟೆ. "ಇದ್ರೊಳ್ಗೇ ಹುರುಳಿ ಇತ್ತ್, ಮತ್ತೆ ಬೇರೆ ಹಾಕ್ಬ್ಯಾಡಿ" ಅಂತ ಮೂರು ಸಲ ಹೇಳ್ದೆ. ಈ ಪುಣ್ಯಾತ್ಮ ಮನೆಗೆ ಹೋಗಿ ಅಷ್ಟೇ ಹುರುಳಿ ಮತ್ತೆ ಸುರಿದ.

ನಾಲ್ಕನೇ ದಿನ ಕೋಣ ಹಗ್ಗ ಹರ್ಕೊಂಡು ಹೈವೇಗೆ ಹತ್ತಿತು. ಅಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಕೋಣ ತಿರುಗುದಾದ್ರೂ ಎಲ್ಲಿಗೆ? ನೇರ ಓಡಿತು! ಹಿಂದಿಂದ ಎಕ್ಸ್‌ಪ್ರೆಸ್ ಬಸ್ಸು. ಡ್ರೈವರ್ ಹಾರ್ನ್ ಹೊಡೆದ. ಕೋಣ ಅದನ್ನ ಕಂಬಳದ ಗದ್ದೆ ಬದಿ ಜನ ಹಾಕುವ ಬೊಬ್ಬೆ ಅಂತ ತಿಳಿದು ಮತ್ತಷ್ಟು ಜೋರು ಓಟ ಬಿಟ್ಟಿತು. ಅದರ ಬಾಲ ಬಾಣದ ಹಾಗೆ ನೆಟ್ಟಗೆ ನಿಂತಿತ್ತು. ನಾನು ಕಣ್ಣಾರೆ ಕಂಡೆ. ಅಂದ್ರೆ, ಕಂಡವರು ಹೇಳಿದ್ದನ್ನ ಕಿವಿಯಾರೆ ಕೇಳ್ದೆ.

ಸಂಜೆ ಯಜಮಾನ ನಮ್ಮ ಅಂಗಳಕ್ಕೆ ಬಂದು ಬೊಬ್ಬೆ ಹಾಕಿದ. ಅಂವ ಹೋದದ್ದೇ ನನ್ನ ಹೆಂಡ್ತಿ ಕೈಯಲ್ಲಿ ಬೀಗ ಹಿಡ್ಕೊಂಡು ಹೊರಗೆ ಬಂದಳು.

"ಕಾಣಿ, ಇನ್ನೊಂದ್ ತಕರಾರ್ ಈ ಮನಿ ಬಾಗ್ಲಿಗೆ ಬಂದ್ರೆ ಶೆಡ್ಡಿಗೆ ಇದನ್ನ ಹಾಕ್ತೆ. ಮತ್ತೆ ನೀವ್ ನನ್ನೊಟ್ಟಿಗೆ ಕೂತ್ಕಂಡ್ ಸೀರಿಯಲ್ ಕಾಣಿ."

ಸಲಿಕೆ ಹಿಡಿಯದ ದಿನ ನನಗೆ ಉಂಡದ್ದೇ ಕರಗುದಿಲ್ಲ, ಅದ್ರ ಮೇಲೆ ಸೀರಿಯಲ್ಲಾ?

ಮರುದಿನ ಬಸ್ಸಿನ ಕಂಡಕ್ಟರ್ ಬಂದ. ಇದೂ ತಕರಾರೇ ಅಂತ ನಾನು ಮೊದ್ಲು ಮನೆ ಬಾಗಿಲು ಎಳ್ಕೊಂಡೆ. ಅಂವ ಕೈ ಮುಗಿದ. "ಅಜ್ಜಯ್ಯ, ದಿನಾ ಬೈಂದೂರಿಗೆ ಲೇಟ್. ನಿನ್ನೆ ಹತ್ತ್ ನಿಮಿಷ ಮುಂಚೆ ಮುಟ್ಟಿತ್. ಆ ಕೋಣನ್ನ ನಾಳೆಯೂ ಬಿಡುಕೆ ಹೇಳಿ ಮಾರಾಯ್ರೆ!"

ಮುಂಬಯಿಗೆ ಹೋದ ಹಿಂಡಿ

ಬಡಕಲು ಹೋರಿಕರುವಿಗೆ ಮೈ ಬರಲಿ ಅಂತ ಒಮ್ಮೆ ಸ್ಪೆಷಲ್ ಮಾಡಿದ್ದೆ. ಹುರಿದ ಜೋಳದ ಹುಡಿ, ಕಡ್ಲೆ ಹಿಂಡಿ, ಬೆಲ್ಲ, ಎಳ್ಳು. ಶೆಡ್ಡಲ್ಲಿ ಇಲಿ ಕಾಟ, ಹಾಗಾಗಿ ಡಬ್ಬಿಗೆ ತುಂಬಿಸಿ ಅಡುಗೆಮನೆಯಲ್ಲಿ ಇಟ್ಟೆ. ಅದೇ ಹೊತ್ತಿಗೆ ನನ್ನ ನಾದಿನಿ ಮುಂಬಯಿಯಿಂದ ಬಂದಿದ್ದಳು.

ಮಧ್ಯಾಹ್ನ ಒಳಗೆ ಹೋಗಿ ಕಂಡ್ರೆ ಅಕ್ಕ ತಂಗಿ ಇಬ್ಬರೂ ಆ ಹುಡಿಗೆ ತುಪ್ಪ ಹಾಕಿ ಉಂಡೆ ಕಟ್ಟಿ ತಿಂತಿದ್ದಾರೆ! ಹೆಂಡ್ತಿ ಮೂರನೆಯದರಲ್ಲಿ ಇದ್ದಳು.

"ಭಾವ, ಇದೆಂತ ಹುಡಿ? ಭಾರೀ ಲಾಯ್ಕ್ ಇತ್ತ್!"

ಬಾಯಿ ಬಿಟ್ರೆ ಬೀಗ. "ಶಕ್ತಿ ಹುಡಿ" ಅಂದೆ. ಸುಳ್ಳಲ್ಲವಲ್ಲ! ನಾದಿನಿ ಎರಡು ಕೆಜಿ ಕಟ್ಟಿಸಿಕೊಂಡೇ ಮುಂಬಯಿಗೆ ಹೋದಳು.

ತಿಂಗಳ ಮೇಲೆ ಅವಳ ಫೋನು. "ಭಾವ, ಹುಡಿ ಖಾಲಿ ಆಯ್ತು. ಇವ್ರಿಗೆ ಮಂಡಿನೋವು ಪೂರಾ ಹೋಯ್ತು. ಆದ್ರೆ ಒಂದೇ ತೊಂದ್ರೆ, ಈಗ ಯಾರು ಕೆಂಪು ಅಂಗಿ ಹಾಕಿ ಬಂದ್ರೂ ದಿಟ್ಟಿಸಿ ಕಾಂತಾರೆ!"

ಮೂಸದ ದನ

ಹಂಗಾರಕಟ್ಟೆಯಲ್ಲಿ ಮೀನು ಮಾರುವ ಒಬ್ಬಳು ನನ್ನ ಹಳೇ ಗಿರಾಕಿ. ಮಳೆಗಾಲ ಬೋಟು ದಡ ಹತ್ತಿದ ಮೇಲೆ ಒಣಮೀನು ಮಾರುವವಳು, ಆ ವರ್ಷ ಅದೂ ಸಿಗದೆ ಬುಟ್ಟಿ ಖಾಲಿ, ಮನೆ ನಡೆಯುದು ಒಂದು ದನದ ಹಾಲಲ್ಲಿ. ಆ ಜೂನಲ್ಲಿ ಮಳೆಗೆ ನೆನ್ಕೊಂಡು ಶೆಡ್ಡಿಗೆ ಬಂದಳು.

"ಅಣ್ಣಾ, ನಿನ್ ಹಿಂಡಿ ದನ ಮೂಸೂದೂ ಇಲ್ಲೆ!"

"ಮೆಲ್ಲ ಮಾತಾಡ್ ಮಾರಾಯ್ತಿ, ನಿನ್ ಅತ್ತಿಗೆ ಒಳಗಿತ್ತ್!" ಅಂತ ಅವಳನ್ನ ಮೂಟೆ ಹಿಂದೆ ಎಳ್ಕೊಂಡೆ. ಆಗಲೇ ಅವಳ ಜತೆ ಬಸ್ಸು ಹತ್ತಿದೆ.

ಬೆಲ್ಲ ಹೆಚ್ಚು ಹಾಕಿ ಕಲಸ್ದೆ. ದನ ಮುಖ ತಿರುಗಿಸಿತು. ಹೊಸ ತೆಂಗಿನ ಹಿಂಡಿ ಹಾಕ್ದೆ. ಊಹೂಂ. ಕಡೆಗೆ ಬಾನಿ ಎದುರು ಮಂಡಿಯೂರಿ "ಹೀಂಗ್ ತಿನ್ಕ್" ಅಂತ ನಾನೇ ತಿಂದು ತೋರಿಸ್ದೆ. ದನ ಯಕ್ಷಗಾನ ಕಾಂಬ ಹಾಗೆ ನನ್ನನ್ನೇ ಕಂಡಿತು. ನಾಲ್ಕು ದಿನದಲ್ಲಿ ದನ ಎರಡು ಕೆಜಿ ಇಳಿಯಿತು, ನಾನು ನಾಲ್ಕು ಕೆಜಿ ಏರಿದೆ.

ಐದನೇ ದಿನ ಮಳೆ ಬಿಟ್ಟು ಒಂದು ಸಣ್ಣ ದೋಣಿ ಬಂಗುಡೆ ತಂದಿತು. ಅವಳು ಬೆಳಿಗ್ಗೆ ಬುಟ್ಟಿ ಮಾರಿ ಓಡಿ ಬಂದವಳು, ಕೈ ತೊಳೆಯದೆ ಹಾಗೇ ಹಿಂಡಿ ಕಲಸಿದಳು. ಅಯ್ಯಬ್ಬಾ! ದನ ಕೊಂಬಿನವರೆಗೆ ತಲೆ ಒಳಗೆ ಹಾಕಿತು! ಹಿಂಡಿ ಮುಗಿಯಿತು, ಬಾನಿ ನೆಕ್ಕಿತು, ಕಡೆಗೆ ಅವಳ ಮೊಣಕೈವರೆಗೂ ನೆಕ್ಕಿತು.

ಆಗ ನಮಗೆ ತಲೆಗೆ ಹೋಯಿತು. ಹುಟ್ಟಿದಂದಿನಿಂದ ಅದು ತಿಂದದ್ದೆಲ್ಲ ಮೀನು ಮಾರಿ ಬಂದ ಕೈಯ ಹಿಂಡಿ. ಆ ಪರಿಮಳ ಇಲ್ಲದಿದ್ರೆ ಅದಕ್ಕೆ ಊಟ ಅಂತಲೇ ಅನ್ನಿಸುದಿಲ್ಲ!

"ಅಣ್ಣಾ," ಅಂದಳು ಅವಳು, "ನಾಲ್ಕ್ ದಿನ ನೀನ್ ತಿಂದ್ ಹಿಂಡಿಗೆ ದುಡ್ಡ್ ನಾನ್ ಕೊಡೂದಿಲ್ಲೆ, ಆತಾ?"

ಮಾಷ್ಟ್ರ ಕಡಸು

ವಾರ ಕಳೆದಿತ್ತು. ಬ್ರಹ್ಮಾವರದ ರಿಟೈರ್ಡ್ ಮಾಷ್ಟ್ರೊಬ್ಬರು ಆಟೋದಲ್ಲಿ ಬಂದು ಗೇಟಿನಿಂದಲೇ ಶುರು ಮಾಡಿದರು. ಮಾಷ್ಟ್ರು ಭಾರೀ ಮಡಿ. ಈರುಳ್ಳಿ ಮುಟ್ಟುದಿಲ್ಲ, ಮೀನು ಮಾರ್ಕೆಟ್ ಎದುರು ಮೂಗಿಗೆ ಶಾಲು ಹಿಡಿದು ರಸ್ತೆ ದಾಟುವವರು.

"ಹ್ವಾಯ್! ಎಂತ ಹಿಂಡಿ ಅದ್ ನಿಮ್ದ್? ಮೂರ್ ದಿನ ಆಯ್ತ್, ನನ್ನ ಹೊಸ ಕಡಸು ಮೂಸಿಯೂ ಕಾಂತಿಲ್ಲೆ!"

ಒಳಗಿಂದ ಬೀಗದ ಸದ್ದು. ಹೆಂಡ್ತಿ ಹೊರಗೆ ಬಂದಾಯ್ತು! ಅವಳು ಸೀದಾ ಶೆಡ್ಡಿನ ಬಾಗಿಲು ಎಳೆದಳು. ನಾನು ನಡುವೆ ಕಾಲು ಕೊಟ್ಟು ಕೇಳ್ದೆ, "ಮಾಷ್ಟ್ರೆ, ಕಡಸು ಎಲ್ಲಿಂದ ತಂದದ್ದ್?"

"ಹಂಗಾರಕಟ್ಟೆ. ಮೀನ್ ಮಾರೂ ಹೆಂಗ್ಸ್ ಒಬ್ಳ ಹತ್ರ."

ನನ್ನ ಮೈಯಲ್ಲಿ ಹತ್ತು ಕೋಣದ ಹುರುಳಿ ಒಟ್ಟಿಗೆ ಹಾರಿತು!

"ಹಾಂಗಾರೆ ತಪ್ಪ್ ನನ್ ಹಿಂಡಿದಲ್ಲ. ನಿಮ್ ಕೈದ್!"

"ನನ್ನ ಕೈಗೆ ಎಂತ ಆಯ್ತ್? ಮೂರ್ ಸಲ ಸೋಪ್ ಹಾಕಿ ತೊಳ್ದೇ ಕಲಸೂದ್!"

"ಅದೇ ತಪ್ಪ್!" ಅಂದು ಕಥೆ ಪೂರಾ ಹೇಳ್ದೆ. "ಕಡಸು ತಿನ್ಬೇಕಾದ್ರೆ ನೀವ್ ಮೊದ್ಲ್ ಬುಟ್ಟಿ ಹೊತ್ತ್ ಒಂದ್ ನಾಲ್ಕ್ ದಿನ ಬಂಗುಡೆ ಮಾರ್ಬೇಕ್."

ಹೆಂಡ್ತಿ ನಕ್ಕು ನಕ್ಕು ಮೂಟೆ ಮೇಲೆ ಕೂತಳು. ಬೀಗ ಎಲ್ಲಿ ಬಿತ್ತೋ ಅವಳಿಗೂ ಗೊತ್ತಿಲ್ಲ.

ಮಾಷ್ಟ್ರು ಮಾತ್ರ ನಗಲಿಲ್ಲ. ಆಟೋದವನ ಕಡೆ ಒಮ್ಮೆ ಕಂಡು, ನನ್ನ ಕಿವಿ ಹತ್ತಿರ ಬಂದು, ಮೆಲ್ಲ ಕೇಳಿದರು:

"ಬಂಗುಡೆಯೇ ಆಯ್ಕಾ? ಬೂತಾಯಿ ಮೀನ್ ಆತಿಲ್ಯಾ? ಮಳೆಗಾಲ್ದಲ್ಲಿ ಅದಕ್ಕೇ ನೆಣ ಜಾಸ್ತಿ."