ಕಾಲಿಲ್ಲದ ಸೋಫಾ

ಹುಡುಗಿಯ ಕಡೆಯವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನೇಲಿ ಸೋಫಾ ಇದೆ ತಾನೆ?"

ಜೋಗುಪಾಳ್ಯದ ಸೀನನ ಮನೆಯಲ್ಲಿ ಇದ್ದದ್ದು ನಾಲ್ಕು ನೀಲಿ ಪ್ಲಾಸ್ಟಿಕ್ ಕುರ್ಚಿ. ಆದರೂ ಅವನ ತಾಯಿ ಪಿಳ್ಳಮ್ಮ, "ಇದೆ, ಇದೆ, ಸಂಜೆ ಬನ್ನಿ" ಎಂದು ಫೋನಿಟ್ಟು ಮಗನ ಕಡೆ ತಿರುಗಿದಳು.

"ಏಳೋ ಮೇಲೆ. ಎಷ್ಟು ಅಂತಸ್ತು ನೋಡ್ತಾರೆ ನೋಡು ಜನ. ಸಂಜೆ ಒಳಗೆ ಸೋಫಾ ತಾ. ಇದೂ ತಪ್ಪೋದ್ರೆ ನಿಂಗಿನ್ನು ಮದುವೆ ಇಲ್ಲ, ನಂಗಿನ್ನು ಸೊಸೆ ಇಲ್ಲ."

ಸೀನನಿಗೆ ಮೂವತ್ತಾರು. ವಿಮಾ ಕಚೇರಿಯಲ್ಲಿ ಗುಮಾಸ್ತ. ತಲೆಯ ಕೂದಲೂ ಬಂದ ಸಂಬಂಧಗಳೂ ಒಂದೇ ವೇಗದಲ್ಲಿ ಉದುರುತ್ತಿದ್ದವು. ಅವನಿಗಿದ್ದದ್ದು ಒಂದೇ ಚಟ. ಯಾವ ಇಂಗ್ಲಿಷ್ ಪದ ಕಿವಿಗೆ ಬಿದ್ದರೂ ಅದರ ಹುಟ್ಟೂರು ಹುಡುಕಬೇಕು, ಹುಡುಕಿದ್ದನ್ನು ಸಿಕ್ಕವರಿಗೆಲ್ಲ ಹೇಳಬೇಕು. ಹಿಂದಿನ ಹುಡುಗಿಗೆ ಕಾಫಿ ಕೊಡುವಾಗ ಕಾಫಿ ಎಂಬ ಪದ ಎಲ್ಲಿಂದ ಬಂತೆಂದು ಶುರುಮಾಡಿದ್ದ. ಪದ ಅರೇಬಿಯಾ ದಾಟುವಷ್ಟರಲ್ಲಿ ಕಾಫಿ ಆರಿತ್ತು, ಹುಡುಗಿ ಆಟೋ ಹತ್ತಿದ್ದಳು.

ರಸೆಲ್ ಮಾರುಕಟ್ಟೆಯ ಹಿಂದೆ ಫಹೀಮನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸೋಫಾ ಸಿಕ್ಕಿತು. ಮಲಗಿದ ಎಮ್ಮೆಯಷ್ಟು ದಪ್ಪ, ಅದಕ್ಕೆ ಆನೆಯಂಥ ನಾಲ್ಕು ಕಾಲು.

"ಬೀಟೆ ಮರ ಭಾಯ್, ಮುರಿಯೋ ಚೀಜೇ ಅಲ್ಲ ಇದು" ಎಂದ ಫಹೀಮ.

"ನಿಮಗೊಂದು ವಿಷ್ಯ ಗೊತ್ತಾ ಫಹೀಮ್ ಭಾಯ್? ಸೋಫಾ ಅನ್ನೋದು ಇಂಗ್ಲಿಷಿನೋರ ಸ್ವಂತ ಪದ ಅಲ್ಲ. ಅರಬ್ಬೀದು."

"ಯಾರ್ದಾದ್ರೂ ಆಗ್ಲಿ ಭಾಯ್, ವಾಪಸ್ ಮಾತ್ರ ತಗೊಳಲ್ಲ."

ಸೋಫಾ ಟೆಂಪೋದಲ್ಲಿ ಠೀವಿಯಿಂದ ಬಂತು. ಮೆಟ್ಟಿಲಿನಲ್ಲಿ ಠೀವಿ ಮುಗಿಯಿತು. ಸೀನನ ಮನೆ ಮೊದಲ ಮಹಡಿ. ಮೆಟ್ಟಿಲು ತಿರುಗುವ ಜಾಗದಲ್ಲಿ ಸೋಫಾದ ಎರಡು ಕಾಲು ಗೋಡೆಗೆ, ಎರಡು ಕಾಲು ಕಂಬಿಗೆ ಕಚ್ಚಿಕೊಂಡು ಕೂತವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಟೆಂಪೋದವನು ಗಡಿಯಾರ ನೋಡಿಕೊಂಡು ಹೊರಟೇಹೋದ.

"ಏನಪ್ಪಾ ಇದು, ನಾನು ಹಾಲಿಗೆ ಹೋಗ್ಬೇಕು!" ಎರಡನೇ ಮಹಡಿಯ ಯಶೋದಮ್ಮ ಮೇಲಿನಿಂದ ಕೂಗಿದರು. "ಗೋಡೆ ಒಡೆದು ಹಾಕಿ ಅತ್ಲಾಗೆ!"

ಕೆಳಮನೆಯ ಮುನಿರಾಜು ಬನಿಯನ್ನಿನಲ್ಲೇ ಹೊರಬಂದರು. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು, ಬೀದಿಯಲ್ಲಿ ಏನು ಕೆಟ್ಟರೂ ಸಲಹೆಗೆ ಮೊದಲು ಹಾಜರು. ಹಿಂದೆಯೇ ಅವರ ಇಪ್ಪತ್ತೇಳರ ಕಟ್ಟುಮಸ್ತಾದ ಮಗ ದೀಪು.

"ಕಾಲು ಕಟ್ ಮಾಡ್ಬಿಡಿ ಅಂಕಲ್, ಸಲೀಸಾಗಿ ಹೋಗುತ್ತೆ" ಎಂದ ದೀಪು.

"ಅಂಕಲ್ ಅನ್ಬೇಡ ಅಂತ ಎಷ್ಟು ಸಲ ಹೇಳಿದೀನಿ ಮಗಾ?" ಎಂದು ಸೀನ ಸಿಡುಕಿದ.

"ಸರಿ ಅಂಕಲ್."

ಪಿಳ್ಳಮ್ಮ ಎದೆ ಬಡಿದುಕೊಂಡಳು. "ಶುಭಕಾರ್ಯದ ದಿನ ಕಾಲು ಕತ್ತರಿಸ್ತಾರೇನೋ?"

ಅಷ್ಟರಲ್ಲಿ ಸೀನನ ತಲೆಯೊಳಗೆ ಬಲ್ಬು ಹತ್ತಿತು. ಸೋಫಾದ ಮೇಲೆ ಹತ್ತಿ ನಿಂತು ಭಾಷಣವನ್ನೇ ಶುರುಮಾಡಿದ. "ಅಮ್ಮಾ, ಕೇಳು. ಅರಬ್ಬೀಲಿ ಸುಫ್ಫಾ ಅಂದ್ರೆ ನಮ್ಮ ಜಗಲಿ ಇದ್ದಂಗೆ. ಎತ್ತರಿಸಿದ ಜಾಗ, ಮೇಲೆ ಜಮಖಾನೆ, ದಿಂಬು. ಅದು ತುರ್ಕಿಗೆ ಹೋಯ್ತು, ಅಲ್ಲಿಂದ ಯೂರೋಪಿಗೆ, ಆಮೇಲೆ ಇಂಗ್ಲಿಷಿಗೆ. ಈ ಕಾಲು ಗೀಲು ಎಲ್ಲ ಆಮೇಲೆ ಬಂದಿದ್ದು. ಕಾಲು ಇಲ್ದೇ ಇರೋದೇ ಅಸಲಿ ಸೋಫಾ!"

"ಓದಿರೋನು ಹೇಳ್ತಾನೆ ಅಂದ್ಮೇಲೆ ಮುಗೀತು" ಎಂದು ಮುನಿರಾಜು ಗರಗಸ ತಂದುಕೊಟ್ಟರು. ಸೀನ ಬೆವರು ಸುರಿಸಿಕೊಂಡು ನಾಲ್ಕೂ ಕಾಲು ಕೊಯ್ದ. ಸೋಫಾ ದೋಸೆಯಂತೆ ಮಗುಚಿಕೊಂಡು ಒಳಗೆ ಹೋಯಿತು, ನಡುಮನೆಯನ್ನು ಪೂರ್ತಿ ನುಂಗಿತು. ಅಲ್ಲಿದ್ದ ಸಾಮಾನೆಲ್ಲ ಒಳಕೋಣೆಯ ಮಂಚದ ಮೇಲೆ ಗುಡ್ಡೆಯಾಯಿತು. ಉಳಿದದ್ದು ನೀಲಿ ಕುರ್ಚಿಗಳು.

"ಸೋಫಾ ಬಂದ್ಮೇಲೆ ಇವ್ಯಾಕೆ ನಿಂಗೆ? ನಮ್ಮನೇಲಿ ಇರ್ಲಿ ಬಿಡು" ಎಂದು ಮುನಿರಾಜು ನಾಲ್ಕನ್ನೂ ಒಂದರೊಳಗೊಂದು ಸೇರಿಸಿ ಹೊತ್ತುಕೊಂಡು ಹೋದರು.

ಸಂಜೆ ಹುಡುಗಿಯ ತಂದೆ ಚಲುವಯ್ಯ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಹಿಂದೆ ಮಗಳು ನಂದಿತಾ. ಸೀನ ನಂದಿತಾಳನ್ನು ನೋಡಿದ, ಎದೆ ಢವಢವ ಎಂದಿತು. ಚಲುವಯ್ಯ ಸೋಫಾ ನೋಡಿದರು, ಅವರ ಎದೆಯೂ ಢವಢವ ಎಂದಿರಬೇಕು.

"ಇದು... ಇಷ್ಟೇನಾ?"

"ಕೂತ್ಕೊಳಿ ಸಾರ್, ಅಸಲಿ ಸೋಫಾ!" ಎಂದು ಸೀನ ಅವರ ಭುಜ ಹಿಡಿದು ಕೂರಿಸಿಯೇಬಿಟ್ಟ.

"ಅಯ್ಯಯ್ಯೋ!"

ಚಲುವಯ್ಯನವರ ಕಾಲುಗಳು ಎದುರು ಗೋಡೆಯತ್ತ ನೆಟ್ಟಗೆ ಚಾಚಿಕೊಂಡವು. ಮುಖ ಟೊಮೆಟೊ ಆಯಿತು.

"ಅಪ್ಪಂಗೆ ಮಂಡಿ ಆಪರೇಶನ್ ಆಗಿದೆ ರೀ!" ನಂದಿತಾ ಕಿರುಚಿದಳು. "ನೆಲದ ಮಟ್ಟಕ್ಕೆ ಕೂರೋ ಹಂಗಿಲ್ಲ. ಅದಕ್ಕೇ ಅಲ್ವಾ ಫೋನಲ್ಲಿ ಸೋಫಾ ಇದೆಯಾ ಅಂತ ಕೇಳಿದ್ದು?"

ಪಿಳ್ಳಮ್ಮ ಮಗನನ್ನು ನೋಡಿದಳು. ಆ ನೋಟಕ್ಕೆ ಬೀಟೆ ಮರವೂ ಮುರಿಯುತ್ತಿತ್ತು. ಗಾಬರಿಯಾದಾಗ ಸೀನನ ಬಾಯಿ ಅದರ ಪಾಡಿಗೆ ಅದು ಓಡುತ್ತದೆ. "ಅಲ್ಲ, ಅರಬ್ಬೀಲಿ ಸುಫ್ಫಾ ಅಂದ್ರೆ ಎತ್ತರಿಸಿದ ಜಾಗ ಅಂತ..."

"ಎತ್ತರಿಸಿದ ಜಾಗ ಅಂತ ನೀವೇ ಅಂತೀರ. ಇದ್ರಲ್ಲಿ ಎತ್ತರ ಎಲ್ಲಿದೆ?"

ಇಷ್ಟು ವರ್ಷಗಳಲ್ಲಿ ಅವನ ಮಾತನ್ನು ಕಿವಿಗೊಟ್ಟು ಕೇಳಿ ಪ್ರಶ್ನೆ ಹಾಕಿದ ಮೊದಲ ಹುಡುಗಿ ಇವಳು.

ಸೀನ ಕುರ್ಚಿ ತರಲು ಕೆಳಗೆ ಓಡಿದ. ವಿಷಯ ಕೇಳಿದ ಮುನಿರಾಜು ಅವನನ್ನೇ ಬೈದರು. "ಕಾಲು ನೋವಿರೋ ಮನುಷ್ಯನ್ನ ಮೇಲೆ ಕೂರಿಸಿ ಸಾಯಿಸ್ತೀಯೇನೋ? ನಮ್ಮನೆಗೇ ಕರ್ಕೊಂಬಾ. ದೀಪು, ಹೋಗೋ, ಹಿರಿಯರ್ನ ಎತ್ಕೊಂಬಾ!"

ದೀಪು ಚಲುವಯ್ಯನವರನ್ನು ಸೋಫಾದಿಂದ ಮಗುವಿನಂತೆ ಎತ್ತಿಕೊಂಡ, ಮೆಟ್ಟಿಲಿಳಿಸಿದ, ನೀಲಿ ಕುರ್ಚಿಯ ಮೇಲೆ ಕೂರಿಸಿದ. ನಂದಿತಾ ಹಿಂದೆಯೇ ಒಳಹೋದಳು, ಬಾಗಿಲು ಮುಚ್ಚಿತು. ಒಳಗಿನಿಂದ ಕಾಫಿ ಲೋಟಗಳ ಸದ್ದು, ಆಮೇಲೆ ನಗು ಕೇಳಿಸಿತು. ಸೀನ ಮೆಟ್ಟಿಲ ತಿರುವಿನಲ್ಲಿ, ತಾನೇ ಕೊಯ್ದ ಕಾಲುಗಳ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಎದ್ದುಹೋಗಿ ಸೋಫಾದ ಮೇಲೆ ಕುಸಿದ. ಮಂಡಿ ಗಲ್ಲಕ್ಕೆ ತಾಗಿತು.

ದೀಪ ಹಚ್ಚುವ ಹೊತ್ತಿಗೆ ಮುನಿರಾಜು ಮೇಲೆ ಬಂದರು. ಕೈಯಲ್ಲಿ ಮೈಸೂರ್ ಪಾಕಿನ ತಟ್ಟೆ. ಈ ಸಲ ಶರ್ಟು ಹಾಕಿದ್ದರು.

"ಬೇಜಾರ್ ಮಾಡ್ಕೋಬೇಡ ಸೀನ. ನಮ್ ದೀಪು ಹುಡುಗಿಗೂ ಹಿಡಿಸ್ಬಿಟ್ಟ, ಅವರಪ್ಪಂಗೂ ಹಿಡಿಸ್ಬಿಟ್ಟ. ಭಾನುವಾರ ಅವ್ರ ಕಡೆಯೋರೆಲ್ಲ ಮಾತಿಗೆ ಬರ್ತಾರಂತೆ. ಕುರ್ಚಿ ಅಲ್ಲೇ ಇರ್ಲಿ, ಆಯ್ತಾ?"

ಸೀನ ತಲೆಯಾಡಿಸಿದ. ಪಿಳ್ಳಮ್ಮ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

ಮುನಿರಾಜು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದರು. "ಅಂದ್ಹಂಗೆ, ಬರೋ ಜನ ಜಾಸ್ತಿ. ಕೆಳಗೆ ಕೂರೋ ಹೆಂಗಸ್ರಿಗೆ ನಿನ್ನ ಆ ಸುಫ್ಫಾನೂ ಬೇಕಿತ್ತು. ಇಳಿಸೋಕೇನು ಕಷ್ಟ ಇಲ್ಲ ಬಿಡು, ಕಾಲು ನೀನೇ ತೆಗ್ದಿದೀಯ."