ಹುಣಸೇಮರದ ಕೆಳಗೆ ನರಳುವ ಲಾರಿ

ಅಲ್ಲಾಳಸಂದ್ರದ ಮುನಿಗಂಗಪ್ಪನಿಗೆ ಸಿಟ್ಟು ಬಂದರೆ ಬೀದಿನಾಯಿಗಳೂ ಕೆರೆ ಏರಿ ದಾಟಿ ಹೋಗುತ್ತಿದ್ದವು. ಅವನ ಲಾರಿ ಮಾತ್ರ ಆ ಸಿಟ್ಟಿಗೆ ಮೂರು ಕಾಸಿನ ಬೆಲೆ ಕೊಡಲಿಲ್ಲ.

ಚೀನಾ ಯುದ್ಧದ ಹಿಂದಿನ ವರ್ಷ ಯಾರೋ ಕಲ್ಲು ಕಂಟ್ರಾಕ್ಟರನಿಂದ ಕೊಂಡ ಹಳೇ ಡೀಸೆಲ್ ಲಾರಿ ಅದು. ಒಂದು ದಿನ ಸೆಲ್ಫ್ ಒತ್ತಿದರೆ ಮದುವೆಗಂಡಿನ ಗತ್ತಿನಲ್ಲಿ ಹೊರಡುವುದು. ಮಾರನೇ ದಿನ ‘ಟಕ್’ ಅಂದು ಹೆಣವಾಗುವುದು. ಅದಕ್ಕೇ ಏರಿಯ ಇಳಿಜಾರಿನಲ್ಲಿ, ಹುಣಸೇಮರದ ಕೆಳಗೆ ನಿಲ್ಲಿಸುತ್ತಿದ್ದ. ನಾಲ್ಕು ಜನ ತಳ್ಳಿದರೆ ಉರುಳಿಕೊಂಡಾದರೂ ಸ್ಟಾರ್ಟಾಗುತ್ತಿತ್ತು. (ಆ ನಾಲ್ವರಿಗೆ ಕಾಫಿ ಕಾಯಿಸುವುದು ಹೆಂಡತಿ ಮುನಿನಾರಾಯಣಮ್ಮನ ಪಾಲಿನ ಡ್ರೈವರಿಕೆ.)

ಒಂದು ಮುಸ್ಸಂಜೆ ಸ್ಮಶಾನದ ಪಕ್ಕ ಬರುವಾಗ ಎರಡೂ ದೀಪ ಒಟ್ಟಿಗೇ ಆರಿದವು. ಯಾರೋ ಉಫ್ ಅಂತ ಊದಿದ ಹಾಗೆ. ಹತ್ತು ಮಾರು ದಾಟಿದ ಮೇಲೆ ತಾವೇ ಹತ್ತಿಕೊಂಡವು. ಮನೆಗೆ ಬಂದವನ ಮುಖ ನೋಡಿ ಮುನಿನಾರಾಯಣಮ್ಮ, “ಒಂದು ನಿಂಬೆಹಣ್ಣು ನಿವಾಳಿಸಲಾ?” ಎಂದಳು.

“ಲೇ! ಕಬ್ಬಿಣಕ್ಕೆ ದೆವ್ವ ಮೆಟ್ಟಿಕೊಳ್ತದಾ? ಹೆದರೋಕೆ ನಾನೇನು ಹೆಂಗಸಾ?” ಎಂದು ಗುಡುಗಿದ ಗಂಡುಗಲಿ, ಮಾರನೇ ದಿನ ತಲೆ ಮೇಲೆ ಟವಲ್ ಎಳೆದುಕೊಂಡು ಯಲಹಂಕಕ್ಕೆ ಹೋಗಿ, ಮೆಹಬೂಬ್ ಬೀ ಅಜ್ಜಿಯ ಹತ್ತಿರ ಒಂದು ತಾಮ್ರದ ತಾಯಿತ ಈಸಿಕೊಂಡು ಬಂದ. ದಾರದಲ್ಲಿ ಕಟ್ಟಿದರೆ ಇಂಜಿನ್ ಕಾವಿಗೆ ಸುಟ್ಟೀತು ಅಂತ ಬುದ್ಧಿ ಓಡಿಸಿ, ಬರೀ ತಾಮ್ರದ ತಂತಿಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಯಾರ ಕಣ್ಣಿಗೂ ಬೀಳದ ಹಾಗೆ ಬಿಗಿದ.

ಅವತ್ತು ಸಂಜೆ ಕೆರೆ ಕಡೆಯಿಂದ ಗಾಳಿ ಎದ್ದಿತು. ಮರದ ಕೆಳಗೆ ನರಪಿಳ್ಳೆ ಇಲ್ಲ. ಖಾಲಿ ಲಾರಿ ನರಳಿತು. ಹಾರನ್ನಿನ ಹಾಗಲ್ಲ. ಬಾಣಂತಿಯೊಬ್ಬಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತ ಹಾಗೆ, ಸಣ್ಣಗೆ, ಎಳೆದು ಎಳೆದು. ಗಾಳಿ ನಿಂತಿತು, ಅಳುವೂ ನಿಂತಿತು. ನೀರಿಗೆ ಬಂದಿದ್ದ ಎಮ್ಮೆಗಳು ನೀರು ಮುಟ್ಟದೆ ತಿರುಗಿಹೋದವು.

ಮುನಿಗಂಗಪ್ಪ ಮಾರಮ್ಮನ ಪೂಜಾರಿಯಿಂದ ಎರಡನೇ ತಾಯಿತ ತಂದು ಬಿಗಿದ. ಈಗ ಯಾರೂ ಮುಟ್ಟದೆ ದೀಪಗಳು ಕಣ್ಣು ಬಿಟ್ಟವು. ನೀರಿನ ಮೇಲೆ ಎರಡು ಹಳದಿ ಗುಡ್ಡೆ ತೇಲಿ, ಮೆಲ್ಲಗೆ ಕೆಂಪಗಾಗಿ, ಮುಚ್ಚಿಕೊಂಡವು. ಮೂರನೆಯದನ್ನೂ ಬಿಗಿದ. ತಾಯಿತ ಹೆಚ್ಚಿದ ಹಾಗೆಲ್ಲ ದೆವ್ವಕ್ಕೂ ಪುಷ್ಟಿ ಬಂತು. ಬೆಳಗ್ಗೆ ನೋಡಿದರೆ ಬ್ಯಾಟರಿಯಲ್ಲಿ ಹನಿ ಜೀವವಿಲ್ಲ. ತಳ್ಳಲು ಬರುತ್ತಿದ್ದ ನಾಲ್ವರು ಕಾಫಿಯನ್ನೂ ಬೇಡವೆಂದರು.

ಸುದ್ದಿ ಬಾಗಲಗುಂಟೆ ಮುಟ್ಟಿತು. ಅನಾಹುತವಾಗಿದ್ದು ಅಲ್ಲೇ. ಮಗಳು ರಾಮಲಕ್ಷ್ಮಿಯ ಸಂಬಂಧ ಆ ಊರಿನ ಲಕ್ಕಣ್ಣನ ಮಗನ ಜೊತೆ ಕೂಡಿಬಂದಿತ್ತು. ಲಕ್ಕಣ್ಣ ಹೇಳಿ ಕಳಿಸಿದ: “ಗಾಳಿ ಸೋಕಿದ ಮನೆಯಿಂದ ನಾವು ಹೆಣ್ಣು ತರಾಕಿಲ್ಲ. ಭಾನುವಾರ ಬತ್ತೀವಿ. ಮೊದ್ಲು ಲಾರಿ ನೋಡ್ತೀವಿ, ಆಮೇಲೆ ಹುಡುಗಿ.”

“ನಿಮ್ಮ ಪೌರುಷ ಸಾಕು. ಹೆಬ್ಬಾಳದ ಲಾರಿ ರಿಪೇರಿ ಮುಜಫ್ಫರ್ ಮೇಸ್ತ್ರಿನ ಕರೆಸಿ,” ಎಂದಳು ಮುನಿನಾರಾಯಣಮ್ಮ. “ಮಗಳು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.”

ಭಾನುವಾರ ಮಧ್ಯಾಹ್ನ ಮುಜಫ್ಫರ್ ಹೊಸ ಬ್ಯಾಟರಿ ಕೂರಿಸಿ ಇನ್ನೂ ಕೈ ಒರೆಸಿಕೊಳ್ಳುತ್ತಿದ್ದ. ಲಕ್ಕಣ್ಣನೂ ಹೆಂಡತಿ ಪಟಾಲಮ್ಮನೂ ಮರದ ನೆರಳಿಗೆ ಕಾಲಿಟ್ಟರು. ಕೆರೆ ಕಡೆಯಿಂದ ಗಾಳಿ ಬೀಸಿತು. ಹಾಡುಹಗಲಲ್ಲಿ, ಅಷ್ಟೂ ಜನರ ಎದುರಿಗೆ, ಲಾರಿ ಎದೆ ಬಿರಿಯುವ ಹಾಗೆ ಅತ್ತಿತು.

“ಅಯ್ಯೋ ನಮ್ಮವ್ವಾ! ನಡೀರಿ, ಬಸ್ಸು ಹಿಡಿಯಾನ,” ಎಂದು ಪಟಾಲಮ್ಮ ಹಿಂದಕ್ಕೆ ತಿರುಗಿದಳು.

“ನಿಲ್ರಮ್ಮಾ!” ಎಂದು ಮುಜಫ್ಫರ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಎರಡು ನಿಮಿಷದ ಮೇಲೆ ಅವನ ಕೈ ಹೊರಗೆ ಬಂತು. ಬೆರಳಲ್ಲಿ ಮೂರು ತಾಯಿತ ನೇತಾಡುತ್ತಿದ್ದವು. “ಇದೇ ನೋಡಿ ದೆವ್ವ. ಗಾಳಿಗೆ ಅಲ್ಲಾಡಿ ಒಂದು ಹಾರನ್ ತಂತಿಗೆ ತಾಗ್ತಿತ್ತು, ಇನ್ನೊಂದು ದೀಪದ ತಂತಿಗೆ. ಬ್ಯಾಟರಿ ಖಾಲಿ ಆಗದೆ ಇನ್ನೇನು? ಮೊದಲಿಂದ ಇದ್ದಿದ್ದು ಒಂದೇ ರೋಗ, ಅರ್ತ್ ತಂತಿ ಸಡಿಲ. ಇದನ್ನ ಕಟ್ಟಿದ್ದು ಯಾರಣ್ಣಾ?”

ಮುನಿಗಂಗಪ್ಪನ ಕಿವಿ ಕೆಂಪಾಯಿತು. ಬಾಯಿ ಬುದ್ಧಿಗಿಂತ ಮುಂದೆ ಓಡಿತು. “ಇನ್ಯಾರು? ಇವ್ಳೇ! ಹೆಂಗಸರ ಪುಕ್ಕಲು ಬುದ್ಧಿ!”

ಮುನಿನಾರಾಯಣಮ್ಮ ಗಂಡನನ್ನು ನೋಡಿದಳು. ದೂರದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಮಗಳನ್ನು ನೋಡಿದಳು. “ಹೂಂ, ನಾನೇ,” ಎಂದಳು.

ಮುಜಫ್ಫರ್ ತಲೆ ಕೆರೆದುಕೊಂಡ. “ಕಟ್ಟಿದ ಜಾಗ ತಪ್ಪು ಅಕ್ಕಾ. ಆದರೆ ಏನ್ ಕೈ ನಿಮ್ಮದು! ಅಷ್ಟು ಇಕ್ಕಟ್ಟಲ್ಲಿ ಇಕ್ಕಳ ತೂರಿಸಿ ಮೂರು ಸುತ್ತು ಬಿಗಿಯೋನು ನಮ್ಮ ಶೆಡ್ಡಲ್ಲೂ ಇಲ್ಲ.”

ಲಕ್ಕಣ್ಣನ ಹುಬ್ಬು ಮೇಲೇರಿತು. ಅವನ ಮನೆಯಲ್ಲೂ ಇಂಥದ್ದೇ ಒಂದು ಮುದಿ ಲಾರಿ ಇತ್ತು. “ಬೀಗಿತ್ತಿ ಇಕ್ಕಳ ಹಿಡೀತಾರಾ? ಮಗಳಿಗೂ ಕಲಿಸೀರಾ?”

“ನೋಡಿ ನೋಡಿ ಕಲ್ತವ್ಳೆ,” ಎಂದಳು ಮುನಿನಾರಾಯಣಮ್ಮ, ಕಣ್ಣು ಮಿಟುಕಿಸದೆ.

“ಹೆಣ್ಣು ಅಂದ್ರೆ ಇಂಗಿರ್ಬೇಕು!” ಎಂದು ಲಕ್ಕಣ್ಣ ಅಲ್ಲೇ ಎಲೆಅಡಿಕೆ ಬದಲಾಯಿಸಿದ.

ಅವತ್ತಿನಿಂದ ಊರಿನ ಪಂಪ್‌ಸೆಟ್ಟು, ಟ್ರಾಕ್ಟರು ಯಾವುದು ಕೆಟ್ಟರೂ ಜನ ಮುನಿನಾರಾಯಣಮ್ಮನ ಬಾಗಿಲಿಗೆ ಬಂದರು. ಆಕೆ ಒಲೆ ಮುಂದಿನಿಂದ ಏಳದೆ, “ಮೊದ್ಲು ಅರ್ತ್ ತಂತಿ ಬಿಗೀರಿ,” ಎನ್ನುತ್ತಿದ್ದಳು. ಹತ್ತರಲ್ಲಿ ಏಳು ಹೊರಟೂಬಿಡುತ್ತಿದ್ದವು. ಮುನಿಗಂಗಪ್ಪ ನಿಜ ಹೇಳುವ ಹಾಗಿಲ್ಲ. ಹೇಳಿದರೆ ಸಂಬಂಧವೂ ಹೋಯಿತು, ಮೀಸೆಯೂ ಹೋಯಿತು. ಬಂದವರಿಗೆ ಕಾಫಿ ಕೊಡುತ್ತಾ ಹಲ್ಲು ಕಡಿದ.

ಮದುವೆಯಾಗಿ ತಿಂಗಳೂ ಆಗಿರಲಿಲ್ಲ, ಬಾಗಲಗುಂಟೆಯಿಂದ ಒಬ್ಬ ಆಳು ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತಾ ಬಂದ.

“ಲಕ್ಕಣ್ಣನೋರ ಲಾರಿ ಯಶವಂತಪುರದಲ್ಲಿ ನಿಂತೋಗದೆ. ಬೀಗಿತ್ತಿಯೋರು ಬೇಗ ಬರಬೇಕಂತೆ.”

ಮುನಿಗಂಗಪ್ಪ ಮೀಸೆ ತೀಡುತ್ತಾ ಎದ್ದು, ಅಂಗಿ ಹಾಕಿಕೊಳ್ಳತೊಡಗಿದ.

“ನೀವು ಬರದಿದ್ರೂ ನಡೀತದಂತೆ,” ಎಂದ ಆಳು.