ವಜ್ರದ ಪೈಪೂ ಕೆಮ್ಮುವ ಫರ್ನೇಸೂ

ಆ ಚಳಿಗಾಲದಲ್ಲಿ ಓರೆಸ್ಟ್ ಪನಾಸ್ಯುಕ್‌ನ ಜೀವ ಬಾಯಿಗೆ ಬರಿಸುವ ಸದ್ದುಗಳು ಎರಡಿದ್ದವು. ಒಂದು, ನೆಲಮಾಳಿಗೆಯ ಫರ್ನೇಸ್ ಕೆಮ್ಮುವ ಸದ್ದು. ಇನ್ನೊಂದು, ಆ ಕೆಮ್ಮು ಕೇಳಿದ ಹೆಂಡತಿ ಸ್ಟೆಫಾನಿಯಾ ಅಡುಗೆಮನೆಯಿಂದ "ಓರೆಸ್ಟ್!" ಎನ್ನುವ ಸದ್ದು.

ಪ್ರಿನ್ಸ್ ಆಲ್ಬರ್ಟ್ ಊರಿನಲ್ಲಿ ಜನವರಿ ಎಂದರೆ ಮೈನಸ್ ಮೂವತ್ತೆಂಟು. ಮನೆ ಬೆಚ್ಚಗಿಡುವ ಆ ಕಬ್ಬಿಣದ ಪೆಟ್ಟಿಗೆ ಒಂದು ದಿನ ನಿಂತರೆ ನಲ್ಲಿಯ ನೀರು, ಉಪ್ಪಿನಕಾಯಿ ಜಾಡಿ, ಗಂಡ ಹೆಂಡತಿ ಎಲ್ಲವೂ ಒಂದೇ ಹದಕ್ಕೆ ಗಟ್ಟಿಯಾಗುತ್ತವೆ. ಪನಾಸ್ಯುಕ್ ದಂಪತಿಗಳ ಫರ್ನೇಸಿಗೆ ಅವರ ಮದುವೆಯಾದ ಮಗಳಿಗಿಂತ ಹೆಚ್ಚು ವಯಸ್ಸಾಗಿತ್ತು. ಹೊಸದು ತರಲೆಂದು ಸ್ಟೆಫಾನಿಯಾ ಎರಡು ವರ್ಷ ಕೈ ಬಿಗಿ ಹಿಡಿದು ದುಡ್ಡು ಕೂಡಿಸಿದ್ದಳು. ಬ್ಯಾಂಕಿನಲ್ಲಿ ಆ ದುಡ್ಡಿಗೆ ಬೇರೆ ಹೆಸರಿದ್ದರೂ ಮನೆಯಲ್ಲಿ ಅದು 'ಫರ್ನೇಸ್ ದುಡ್ಡು'.

ಆ ಫರ್ನೇಸ್ ದುಡ್ಡು ಅಕ್ಟೋಬರಿನಲ್ಲೇ ಹೋಗಿತ್ತು. ಬ್ರೋಕನ್ ಪ್ಯಾಡಲ್ ಎಂಬ ಕೆರೆಯ ದಡದಲ್ಲಿ ವಜ್ರ ಹುಡುಕುತ್ತಿದ್ದ, ಅದೇ ಹೆಸರಿನ ಕಂಪನಿಯೊಂದರ ಶೇರುಗಳಾಗಿ ರೂಪಾಂತರ ಹೊಂದಿತ್ತು. ಇದನ್ನು ಮಾಡಿಸಿದವನು ಕ್ಷೌರಿಕ ವರ್ನ್. ಕುತ್ತಿಗೆಗೆ ಬಟ್ಟೆ ಸುತ್ತಿ, ಗಂಟಲ ಹತ್ತಿರ ಕತ್ತಿ ಆಡಿಸುತ್ತ "ತಗೋತೀಯಾ ಇಲ್ವಾ? ಒಂದ್ಸಲ ವಜ್ರದ ಪೈಪ್ ಸಿಕ್ತು ಅಂದ್ರೆ ಬೆಲೆ ಆಕಾಶ ಮುಟ್ಟುತ್ತೆ" ಎಂದು ಕೇಳುವವನಿಗೆ ಇಲ್ಲ ಎನ್ನುವ ಧೈರ್ಯ ಓರೆಸ್ಟನಿಗಿರಲಿಲ್ಲ. (ಅಸಲಿಗೆ ಯಾವ ಧೈರ್ಯವೂ ಇರಲಿಲ್ಲ. ಧಾನ್ಯದ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದಾಗ ಇಲಿ ಕಂಡರೆ ಅವನು ಮೊದಲು ಕ್ಷಮೆ ಕೇಳಿ ಆಮೇಲೆ ಓಡಿಸುತ್ತಿದ್ದನಂತೆ.) ನವೆಂಬರಿನಲ್ಲಿ ಬೆಲೆ ಎರಡರಷ್ಟಾಯಿತು. ಆಗ ಮಾರಿದರೆ ಇನ್ನೂ ಏರಿಬಿಟ್ಟೀತೆಂಬ ಭಯದಿಂದ ಮಾರಲಿಲ್ಲ. ಡಿಸೆಂಬರಿನಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಈಗ ಮಾರಿದರೆ ಹೆಂಡತಿಗೆ ಗೊತ್ತಾಗುವ ಭಯ. ಮಾರಲಿಲ್ಲ.

"ಇವತ್ತು ಫರ್ನೇಸ್ ಅಂಗಡಿಗೆ ಹೋಗಿ ಬಾ" ಎಂದು ಸ್ಟೆಫಾನಿಯಾ ಪ್ರತಿ ಬೆಳಿಗ್ಗೆ ಹೇಳುತ್ತಿದ್ದಳು.

"ಈಗಿನವೆಲ್ಲ ಬರೀ ತಗಡು ಕಣೇ. ನಮ್ಮದರ ಕಬ್ಬಿಣ ನೋಡು, ಎಂಥ ಕಬ್ಬಿಣ!"

"ಅದು ಕೆಮ್ತಾ ಇದೆ."

"ಗಂಟಲು ಸರಿಮಾಡ್ಕೋತಿದೆ ಅಷ್ಟೆ."

"ದುಡ್ಡು ಇಟ್ಕೊಂಡು ಚಳೀಲಿ ಸಾಯೋ ಜನ ಅಂದ್ರೆ ನಾವೇ ನೋಡು" ಎಂದು ಅವಳು ಗೊಣಗಿದಾಗ ಓರೆಸ್ಟನಿಗೆ 'ದುಡ್ಡು ಇಟ್ಕೊಂಡು' ಎಂಬ ಎರಡು ಪದಗಳು ಎದೆಗೆ ಬಂದು ಚುಚ್ಚುತ್ತಿದ್ದವು.

ಏಳನೆಯ ಗುಂಡಿ ಕೊರೆದ ಫಲಿತಾಂಶ ಆ ಶುಕ್ರವಾರ ಬರುವುದಿತ್ತು. ಹಿಂದಿನ ಆರರಲ್ಲಿ ಬಂದದ್ದು ಮರಳು, ಜೇಡಿ, ಮತ್ತೆ ಮರಳು. ಇಟ್ಟುಕೊಳ್ಳುವುದೋ ಮಾರುವುದೋ ಎಂದು ತೀರ್ಮಾನಿಸಲು ಊರಿನ ಶೇರುದಾರರು ಸಭೆ ಸೇರಬೇಕಾಯಿತು. ಶೇರುದಾರರೆಂದರೆ ಓರೆಸ್ಟ್, ವರ್ನ್ ಮತ್ತು ನಿವೃತ್ತ ಗಣಿತದ ಟೀಚರ್ ಮಿಸ್ ಫ್ರೀಸನ್. ಪ್ರತಿ ಸಲ ಸಭೆ ವರ್ನನ ಅಂಗಡಿಯಲ್ಲೇ. ಆ ವಾರ ಅಲ್ಲಿ ನೀರು ಹೆಪ್ಪುಗಟ್ಟಿ ಅಂಗಡಿ ಮುಚ್ಚಿತ್ತು. ಬುಧವಾರ ಮಧ್ಯಾಹ್ನ ಸ್ಟೆಫಾನಿಯಾ ಚರ್ಚಿಗೆ ಹೋಗಿ ಉಳಿದ ಹೆಂಗಸರ ಜೊತೆ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಡಿಸುವುದು ರೂಢಿ. ಅವಳು ಸಂಜೆಯವರೆಗೆ ಬರುವುದಿಲ್ಲವೆಂಬ ಧೈರ್ಯದ ಮೇಲೆ (ಅದನ್ನು ಧೈರ್ಯವೆನ್ನಬಹುದಾದರೆ) ಓರೆಸ್ಟ್ ತನ್ನ ನೆಲಮಾಳಿಗೆಯನ್ನೇ ಸಭಾಂಗಣವಾಗಿಸಿದ.

ಸಭೆ ಶುರುವಾಗಿ ಕಾಫಿಯ ಮೊದಲ ಗುಟುಕು ಇಳಿಯುವಷ್ಟರಲ್ಲಿ ಫರ್ನೇಸ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ದೀರ್ಘವಾಗಿ ಉಸಿರೆಳೆದು ಸುಮ್ಮನಾಯಿತು.

ಮೂವರೂ ಕಾದರು. ಅದು ಉಸಿರು ಬಿಡಲಿಲ್ಲ.

"ಸತ್ತಿತಾ?" ಎಂದ ವರ್ನ್.

"ಛೇ, ಛೇ. ಯೋಚನೆ ಮಾಡ್ತಿದೆ" ಎಂದ ಓರೆಸ್ಟ್. ಅವನ ಬಾಯಿಂದ ಆಗಲೇ ಹಬೆ ಬರುತ್ತಿತ್ತು.

ಮಿಸ್ ಫ್ರೀಸನ್ ಕಳಚಿಟ್ಟಿದ್ದ ಕೋಟನ್ನು ಮತ್ತೆ ತೊಟ್ಟು, ಗುಂಡಿ ಹಾಕಿಕೊಂಡು, ಸಭೆ ಮುಂದುವರಿಸಿದಳು. "ನನ್ನ ಪ್ರಶ್ನೆ ಇಷ್ಟೆ. ಪೈಪ್ ಇದೆಯೋ ಇಲ್ವೋ?"

"ಇದೆ ಟೀಚರ್! ಪೈಪ್ ಇದ್ದೇ ಇದೆ" ಎಂದ ವರ್ನ್.

"ಪೈಪಿನೊಳಗೆ ಏನೂ ಇಲ್ದೆ ಹೋದ್ರೆ?"

"ಪೈಪಿನೊಳಗೆ ಏನೂ ಇಲ್ದೆ ಹೋದ್ರೆ ನಾನು ಸತ್ತೆ!" ಎಂದು ಓರೆಸ್ಟ್ ಕೂಗಿದ. "ಸ್ಟೆಫಾನಿಯಾ ನನ್ನನ್ನ ಜೀವಸಹಿತ ಬಿಡಲ್ಲ!"

"ಯಾವ ಪೈಪು?" ಎಂದಿತು ಮೆಟ್ಟಿಲ ಮೇಲಿನಿಂದ ಒಂದು ದನಿ.

ಚಳಿ ಜಾಸ್ತಿಯೆಂದು ಚರ್ಚಿನವರು ಪೆರೋಗಿ ಕೆಲಸ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಸ್ಟೆಫಾನಿಯಾ ಕಿವಿ ಮುಚ್ಚುವ ಟೋಪಿಯಲ್ಲೇ ಇಳಿದು ಬಂದಳು. ಮನೆಯೊಳಗೆ ಕೋಟು ತೊಟ್ಟು ಕೂತ ಮೂವರನ್ನೂ, ಸದ್ದಿಲ್ಲದ ಫರ್ನೇಸನ್ನೂ ನೋಡಿದಳು.

"ಅಯ್ಯೋ ದೇವರೇ, ಪೈಪ್ ಒಡೀತಾ?"

"ಹೌದು" ಎಂದ ಓರೆಸ್ಟ್. "ಅಂದ್ರೆ ಇಲ್ಲ. ಒಡೀಬಹುದು. ಅದನ್ನೇ ಮಾತಾಡ್ತಿದ್ವಿ. ವರ್ನ್‌ಗೆ ಪೈಪಿನ ವಿಷಯ ಚೆನ್ನಾಗಿ ಗೊತ್ತು."

"ಕ್ಷೌರ ಮಾಡೋನಿಗೆ ಪೈಪಿನ ವಿಷಯ ಏನು ಗೊತ್ತು? ಎಲ್ಲಿ ಅದು? ಬಚ್ಚಲಿಂದಾ, ಅಡುಗೆಮನೇದಾ?"

ಮಿಸ್ ಫ್ರೀಸನ್ ಹುಟ್ಟಿದಾರಭ್ಯ ಸುಳ್ಳು ಹೇಳಿದವಳಲ್ಲ. ಓರೆಸ್ಟ್ ಕಣ್ಣಲ್ಲೇ ಕೈಮುಗಿದ. ಪ್ರಯೋಜನವಾಗಲಿಲ್ಲ.

"ಬ್ರೋಕನ್ ಪ್ಯಾಡಲ್ ಕೆರೆ ಪಕ್ಕದ್ದು" ಎಂದಳು ಆಕೆ. "ವಜ್ರ ಇರೋ ಕಲ್ಲು ನೆಲದೊಳಗೆ ಕೊಳವೆ ಥರ ಇಳಿದಿರುತ್ತೆ. ಅದನ್ನ ಪೈಪ್ ಅಂತಾರೆ."

"ಆ ಪೈಪಿಗೂ ನಮ್ಮನೆಗೂ ಏನು ಸಂಬಂಧ?"

"ನಿನ್ನ ಗಂಡ ಅದರ ಶೇರುದಾರ."

ಸ್ಟೆಫಾನಿಯಾ ಗಂಡನ ಕಡೆ ತಿರುಗಿದಳು. "ಯಾವ ದುಡ್ಡಲ್ಲಿ?"

ಎಲ್ಲರ ಕಣ್ಣೂ ತಾವಾಗಿ ಫರ್ನೇಸಿನ ಕಡೆ ಹೋದವು.

ಬೈಗುಳಕ್ಕೆ ಓರೆಸ್ಟ್ ತಯಾರಾಗಿದ್ದ. ತಟ್ಟೆ ಹಾರಿ ಬಂದರೆ ಯಾವ ಕಡೆ ಬಾಗಬೇಕೆಂಬುದನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದ. ಆದರೆ ಅವಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಸರಿ, ಮುಂದುವರಿಸಿ. ನನ್ನ ಫರ್ನೇಸ್ ಯಾವ ಕೆರೆ ಪಕ್ಕ ಹೂತುಹೋಗಿದೆ ಅಂತ ನಾನೂ ತಿಳ್ಕೋತೀನಿ" ಎಂದಳು.

"ವಜ್ರ ಸಿಕ್ಕಿದೆಯಾ?" ಅವಳ ಮೊದಲ ಪ್ರಶ್ನೆ.

"ಮರಳಲ್ಲಿ ಗಾರ್ನೆಟ್ ಕಲ್ಲು ಸಿಕ್ಕಿದೆ!" ಎಂದ ವರ್ನ್. "ನೇರಳೆ ಬಣ್ಣದ್ದು. ಗಾರ್ನೆಟ್ ಇದ್ದ ಕಡೆ ಹತ್ತಿರದಲ್ಲೇ ವಜ್ರ ಇರುತ್ತೆ."

"ನನ್ನ ಉಂಗುರದಲ್ಲಿ ನಲವತ್ತು ವರ್ಷದಿಂದ ಗಾರ್ನೆಟ್ ಇದೆ" ಎಂದಳು ಮಿಸ್ ಫ್ರೀಸನ್. "ಹತ್ತಿರಕ್ಕೆ ಯಾವ ವಜ್ರವೂ ಬಂದಿಲ್ಲ."

"ಕಂಪನಿ ಅಧ್ಯಕ್ಷರೇ ಹೇಳಿದಾರಲ್ಲ ಟೀಚರ್, ಪ್ರಗತಿ ಉತ್ತೇಜನಕಾರಿಯಾಗಿದೆ ಅಂತ!"

"ಜೀವಮಾನ ಪೂರ್ತಿ ಪಾಠ ಮಾಡಿದೀನಿ ವರ್ನ್. 'ಪ್ರಗತಿ ಉತ್ತೇಜನಕಾರಿಯಾಗಿದೆ' ಅಂತ ನಾನು ಯಾರ ಬಗ್ಗೆ ಬರೀತಿದ್ದೆ ಗೊತ್ತಾ? ನಿನ್ನ ಬಗ್ಗೆ."

"ಹಾಗಾದ್ರೆ ನೀವು ಯಾಕೆ ಮಾರಿಲ್ಲ?" ಎಂದು ಸ್ಟೆಫಾನಿಯಾ ಕೇಳಿದಳು.

ಮಿಸ್ ಫ್ರೀಸನ್ ತುಸು ಕೆಂಪಾದಳು. "ನಾನು ಮಾರಿದ ಮಾರನೇ ದಿನ ವಜ್ರ ಸಿಕ್ಕಿ, ವರ್ನ್ ಹೊಸ ಕಾರಲ್ಲಿ ನಮ್ಮ ಬೀದೀಲಿ ಹೋದ್ರೆ? ಅದನ್ನ ನಾನು ತಡ್ಕೊಳ್ಳಲ್ಲಮ್ಮ."

ಸ್ಟೆಫಾನಿಯಾ ಗಂಡನ ಕಡೆ ನೋಡಿದಳು. "ನೀನು ಹೇಳು. ನೀನು ಯಾಕೆ ತಗೊಂಡೆ?"

ಕತ್ತಿಗೆ ಹೆದರಿ ತಗೊಂಡೆ ಎನ್ನಲಾಗುವುದಿಲ್ಲ. ಓರೆಸ್ಟ್ ಎದ್ದು ನಿಂತ. ಚಳಿಗೋ ಭಯಕ್ಕೋ ನಡುಗುತ್ತಿದ್ದ ಅವನ ದನಿ ಕೇಳುವವರಿಗೆ ಭಾವಾವೇಶದಂತೆ ಕೇಳಿಸಿತು. ಭೂಗರ್ಭ ಎಂದ. ಕೋಟ್ಯಂತರ ವರ್ಷ ಎಂದ. ನಮ್ಮ ಅಜ್ಜಂದಿರು ಉಕ್ರೇನಿನಿಂದ ಬಂದು ಕಲ್ಲು ಆರಿಸಿ ಆರಿಸಿ ಹೊಲದ ಬದುವಿಗೆ ಎಸೆದರಲ್ಲ, ಆ ಕಲ್ಲುಗಳ ಕೆಳಗೇ ಈ ನೆಲ ತನ್ನ ಹೃದಯವನ್ನು ಬಚ್ಚಿಟ್ಟುಕೊಂಡಿದೆ ಎಂದ. ಆರು ಗುಂಡಿ ಬರಿದಾದರೇನು, ಏಳನೆಯದನ್ನು ಕೊರೆಯುವವನೇ ಗಂಡಸು ಎಂದ. ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಮಾತು ನಿಲ್ಲಿಸಿದರೆ ಅವಳು ಶುರುಮಾಡುತ್ತಾಳೆಂಬುದಷ್ಟೇ ತಿಳಿದಿತ್ತು. ವರ್ನ್ ಕಣ್ಣೊರೆಸಿಕೊಂಡು, ಆವೇಶ ತಾಳದೆ ಫರ್ನೇಸಿಗೆ ಬೂಟುಗಾಲಲ್ಲಿ ಒಂದು ಒದೆ ಕೊಟ್ಟ. ಅದು ಧಡಕ್ಕೆಂದು ಹೊತ್ತಿಕೊಂಡಿತು.

"ಶಕುನ!" ಎಂದ ವರ್ನ್.

"ಸಡಿಲ ತಂತಿ" ಎಂದಳು ಮಿಸ್ ಫ್ರೀಸನ್.

ಆ ಸಂಜೆ ಸ್ಟೆಫಾನಿಯಾ ಜಗಳ ತೆಗೆಯಲಿಲ್ಲ. ಎಲೆಕೋಸಿನ ಸುರುಳಿಗಳನ್ನು ಬಡಿಸಿದಳು, ಇನ್ನೊಂದು ಬೇಕಾ ಎಂದೂ ಕೇಳಿದಳು. ಇಷ್ಟು ಒಳ್ಳೆಯತನ ಕಂಡು ಓರೆಸ್ಟ್ ಲೆಕ್ಕ ಹಾಕತೊಡಗಿದ. ಇವಳು ಮಗಳ ಮನೆಗೆ ಹೋಗಿಬಿಡುತ್ತಾಳೆ. ಇಲ್ಲವೇ ವಕೀಲನನ್ನು ನೋಡುತ್ತಾಳೆ. ಇಲ್ಲವೇ ಚರ್ಚಿನ ಹೆಂಗಸರಿಗೆ ಹೇಳುತ್ತಾಳೆ. ಅದಕ್ಕಿಂತ ವಕೀಲನೇ ವಾಸಿ. ಬೆಳಗಾಗುವಷ್ಟರಲ್ಲಿ ಅವನು ಒಂದು ನಿರ್ಧಾರಕ್ಕೆ ಬಂದಿದ್ದ.

ಕತ್ತಲು ಹರಿಯುತ್ತಲೇ ಪಿಕಪ್ ಹತ್ತಿ ಫರ್ನೇಸ್ ಅಂಗಡಿಗೆ ಹೋದ. ಅಲ್ಲಿನ ಫೋನಿನಿಂದಲೇ ಬ್ರೋಕರನಿಗೆ "ಎಲ್ಲ ಮಾರು, ಎಷ್ಟಕ್ಕೆ ಹೋದ್ರೆ ಅಷ್ಟಕ್ಕೆ" ಎಂದ. ಹೋದದ್ದು ಅಗ್ಗಕ್ಕೇ. ಬಂದ ದುಡ್ಡಿಗೆ ಹೊಸ ಫರ್ನೇಸ್ ಆಗಲಿಲ್ಲ. ಯಾವುದೋ ಮುಚ್ಚಿದ ಮೋಟೆಲಿನಿಂದ ಕಿತ್ತು ತಂದು ರಿಪೇರಿ ಮಾಡಿದ್ದೊಂದು ಆಯಿತು. ಆದರೂ ಹೊರಗೆ ಬಂದಾಗ ಓರೆಸ್ಟನಿಗೆ ಹೆಗಲ ಮೇಲಿಂದ ಮೂಟೆ ಇಳಿದಂತಿತ್ತು. ಮೂರು ತಿಂಗಳ ನಂತರ ಮೊದಲ ಸಲ, ಪಕ್ಕದ ಅಂಗಡಿಯಲ್ಲಿ ತಿಂದ ಡೋನಟ್ಟಿನ ರುಚಿ ನಾಲಿಗೆಗೆ ಗೊತ್ತಾಯಿತು. ಮನೆಗೆ ಬಂದು ಹೇಳುವ ಮಾತುಗಳನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ. ಸ್ಟೆಫಾನಿಯಾ, ನಾನು ಮೂರ್ಖ, ಆದರೆ ಬೆಚ್ಚಗಿರುವ ಮೂರ್ಖ.

ಮನೆಯಲ್ಲಿ ಸ್ಟೆಫಾನಿಯಾ ಈಸ್ಟರಿಗೆ ಮಾತ್ರ ಹೊರತೆಗೆಯುವ ಕೋಟು ತೊಟ್ಟು, ಆಗತಾನೆ ಹೊರಗಿನಿಂದ ಬಂದವಳಂತೆ ಕೆನ್ನೆ ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ನೀನು ಮೊದಲು ಕೂತ್ಕೋ" ಎಂದಳು. "ನಾನೊಂದು ಕೆಲಸ ಮಾಡಿ ಬಂದೆ."

ವಕೀಲ ಎಂದುಕೊಂಡು ಓರೆಸ್ಟ್ ಕೂತ.

"ಮದುವೆಯಾಗಿ ಇಷ್ಟು ವರ್ಷ ಆಯ್ತು. ನೀನು ಒಂದು ವಿಷಯದ ಮೇಲೆ ಇಷ್ಟು ನಂಬಿಕೆ ಇಟ್ಟು ಮಾತಾಡಿದ್ದನ್ನ ನಾನು ಕೇಳೇ ಇರ್ಲಿಲ್ಲ. ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಿದಾಗ್ಲೂ ನಿನ್ನ ದನಿ ಇಷ್ಟು ನಡುಗಿರ್ಲಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ. ನಮ್ಮಮ್ಮ ಸಾಯೋವಾಗ ನಂಗೆ ಅಂತ ಒಂದಿಷ್ಟು ಬಿಟ್ಟು ಹೋಗಿದ್ಲು. ನಿಂಗೆ ಹೇಳಿರ್ಲಿಲ್ಲ."

"ಸ್ಟೆಫಾನಿಯಾ..." ಎಂದು ಓರೆಸ್ಟ್ ಕುರ್ಚಿಯಿಂದ ಅರ್ಧ ಎದ್ದ.

"ಅಷ್ಟನ್ನೂ ಬ್ರೋಕನ್ ಪ್ಯಾಡಲ್‌ಗೆ ಹಾಕಿಬಂದೆ! ಅದೃಷ್ಟ ನೋಡು. ಇವತ್ತು ಬೆಳಿಗ್ಗೇನೇ ಯಾರೋ ಪುಕ್ಕಲ ಇದ್ದಬದ್ದದ್ದೆಲ್ಲ ಮಾರಿಬಿಟ್ಟನಂತೆ. ಅದಕ್ಕೇ ಅಷ್ಟು ಅಗ್ಗಕ್ಕೆ ಸಿಕ್ತು. ನಾನು ಹೆಸರು ಹೇಳಿದಾಗ ಬ್ರೋಕರ್ ಯಾಕೋ ಜೋರಾಗಿ ಕೆಮ್ಮಿದ, ಪಾಪ. ಚಳಿ."

ಅಷ್ಟರಲ್ಲಿ ಹೊರಗೆ ಲಾರಿ ನಿಂತಿತು. ಇಬ್ಬರು ಆಳುಗಳು ಫರ್ನೇಸ್ ಇಳಿಸತೊಡಗಿದರು. ಸ್ಟೆಫಾನಿಯಾ ಕಿಟಕಿಯಿಂದ ನೋಡಿದಳು.

"ಇದಕ್ಕೆ ದುಡ್ಡು ಎಲ್ಲಿಂದ ಬಂತು?"

ಓರೆಸ್ಟ್ ತನ್ನ ಬೂಟುಗಳನ್ನು ನೋಡಿಕೊಂಡ.

"ಓರೆಸ್ಟ್. ಆ ಪುಕ್ಕಲ..."

"ನಾನೇ."

"ನಿನ್ನೆ ಅಷ್ಟೆಲ್ಲ ಮಾತಾಡಿದ್ಯಲ್ಲ! ಭೂಗರ್ಭ, ಹೃದಯ, ಗಂಡಸು!"

"ನಿಂಗೆ ಹೆದರಿ ಮಾತಾಡಿದ್ದು ಕಣೇ."

ಸ್ಟೆಫಾನಿಯಾ ಕುರ್ಚಿಯ ತೋಳು ಹಿಡಿದುಕೊಂಡು ಕೂತಳು. ಮುಖದ ಕೆಂಪು ಇಳಿಯಿತು. ತಾಯಿಯ ದುಡ್ಡು ಎಂದು ಒಮ್ಮೆ ಮೆಲ್ಲಗೆ ಅಂದಳು. ಅವಳು ಹೆದರಿದ್ದನ್ನು ಓರೆಸ್ಟ್ ಜೀವಮಾನದಲ್ಲಿ ಮೊದಲ ಸಲ ನೋಡಿದ. ಅವನಿಗೆ ತನ್ನ ಭಯವೇ ಮರೆತುಹೋಯಿತು. "ವಾಪಸ್ ಮಾರಿಬಿಡೋಣ ಸ್ಟೆಫಾ, ಈಗಲೇ ಫೋನ್ ಮಾಡ್ತೀನಿ" ಎಂದು ಹತ್ತಿರ ಹೋದ.

ಆ ಮಾತಿಗೆ ಅವಳ ಬೆನ್ನು ನೆಟ್ಟಗಾಯಿತು. "ಫೋನ್ ಮುಟ್ಟಬೇಡ! ಈ ಮನೆಗೆ ಒಬ್ಬ ಹೇಡಿ ಸಾಕು."

ಶುಕ್ರವಾರ ಫಲಿತಾಂಶ ಬಂತು. ಏಳನೆಯ ಗುಂಡಿಯಲ್ಲಿ ಪೈಪ್ ಸಿಕ್ಕಿತ್ತು. ಪೈಪಿನಲ್ಲಿ ವಜ್ರವೂ ಇತ್ತು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂಥದ್ದು. ಇನ್ನೂ ಕೊರೆಯಬೇಕು, ಪ್ರಗತಿ ಉತ್ತೇಜನಕಾರಿಯಾಗಿದೆ ಎಂದಿತು ಕಂಪನಿ. ಬೆಲೆ ಬೆಳಿಗ್ಗೆ ಏರಿತು, ಮಧ್ಯಾಹ್ನ ಇಳಿಯಿತು, ಸಂಜೆ ಎಲ್ಲಿ ಶುರುವಾಗಿತ್ತೋ ಅಲ್ಲೇ ಬಂದು ಕೂತಿತು. ಓರೆಸ್ಟ್ ಮಾತ್ರ ಕೂರಲಿಲ್ಲ. ಮೊದಲು ಬೆಲೆ ಇಳಿದರಷ್ಟೇ ಅವನಿಗೆ ಭಯವಿತ್ತು. ಈಗ ಇಳಿದರೆ ಅತ್ತೆಯ ದುಡ್ಡು ಮುಳುಗಿತೆಂಬ ಭಯ, ಏರಿದರೆ ಅಗ್ಗಕ್ಕೆ ಮಾರಿದ ಪುಕ್ಕಲನೆಂದು ಸಾಯುವತನಕ ಅನ್ನಿಸಿಕೊಳ್ಳುವ ಭಯ.

ಮುಂದಿನ ಬುಧವಾರ ಶೇರುದಾರರ ಸಭೆ ಪನಾಸ್ಯುಕ್‌ರ ನೆಲಮಾಳಿಗೆಯಲ್ಲೇ ನಡೆಯಿತು. ಮೋಟೆಲಿನ ಫರ್ನೇಸ್ ಎಷ್ಟು ಬಿಸಿ ಕಕ್ಕುತ್ತಿತ್ತೆಂದರೆ ವರ್ನ್ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದ. ಸ್ಟೆಫಾನಿಯಾ ಮೇಜಿನ ತುದಿಯಲ್ಲಿ, ಎಲ್ಲರಿಗಿಂತ ಹೆಚ್ಚು ಶೇರು ಇದ್ದವಳ ಗತ್ತಿನಲ್ಲಿ ಕೂತು, ಎಂಟನೆಯ ಗುಂಡಿಯ ಬಗ್ಗೆ ಮಾತಾಡುತ್ತಿದ್ದಳು. ಓರೆಸ್ಟ್ ಕಾಫಿಯ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದು, ಖಾಲಿ ಕುರ್ಚಿಯೊಂದನ್ನು ಮೆಲ್ಲಗೆ ಎಳೆದುಕೊಂಡ.

ಮಿಸ್ ಫ್ರೀಸನ್ ಗಂಟಲು ಸರಿಮಾಡಿಕೊಂಡಳು. "ನನ್ನದೊಂದು ಪ್ರಶ್ನೆ ಇದೆ. ಶೇರು ಇಲ್ಲದವರು ಸಭೇಲಿ ಕೂರಬಹುದಾ?"

ವರ್ನ್ ಛಾವಣಿ ನೋಡಿದ. ಸ್ಟೆಫಾನಿಯಾ ಗಂಡನನ್ನು ನೋಡಿದಳು.

"ಕೂರಲ್ಲ ಬಿಡಿ ಟೀಚರ್, ಕಾಫಿ ಇಟ್ಟು ಹೋಗ್ತಾನೆ. ಓರೆಸ್ಟ್, ಹೋಗ್ತಾ ಬಾಗಿಲು ಎಳ್ಕೊಂಡು ಹೋಗು."